ವಾಯುಶುದ್ಧಿಯೂ ಹಾವಸೆಯ ಸಾಕ್ಷ್ಯವೂ



ಪೃಥಿವಿ, ಜಲ, ತೇಜಸ್ಸು, ವಾಯು, ಆಕಾಶಗಳೆಂಬ ಪಂಚಭೂತಗಳಲ್ಲಿ ಮನುಷ್ಯನು ಕ್ಷಣಮಾತ್ರವೂ ಬಿಟ್ಟಿರಲಾರದ ಭೂತವು ವಾಯುವೇ ಆಗಿರುವದು. ಅನ್ನವಿಲ್ಲದೆ ಕೆಲವು ವಾರ, ನೀರಿಲ್ಲದೆ ಕೆಲವು ದಿನ ಜೀವ ಹಿಡಿದವರುಂಟು. ಗಾಳಿಯಿಲ್ಲದೆ ಒಂದು ಗಳಿಗೆ ಬದುಕಿದವರಿಲ್ಲ. ಹಗಲು ರಾತ್ರಿ ಕೂಡಿ ಮನುಷ್ಯನಿಗೆ 21,600 ಉಸಿರುಗಳೆಂದು ಯೋಗಶಾಸ್ತ್ರದ ಗಣನೆಯಿದೆ. ನಿಮಿಷಕ್ಕೆ ಹದಿನೈದರಂತೆ ಬರುವ ಈ ಲೆಕ್ಕಕ್ಕೂ ಇಂದಿನ ವೈದ್ಯರ ಲೆಕ್ಕಕ್ಕೂ ಹೆಚ್ಚಿನ ಅಂತರವಿಲ್ಲ. ಆದರೂ ಲೋಕದ ನಡೆಯನ್ನು ನೋಡಿದರೆ ಸೋಜಿಗವಾಗುವದು. ಜೋಳವನ್ನು ಕೇರಿ ಕಲ್ಲು ತೆಗೆಯುವರು. ನೀರನ್ನು ಬಟ್ಟೆಯಲ್ಲಿ ಸೋಸುವರು. ಹಾಲನ್ನು ಮೂಸಿ ನೋಡಿ ಒಲೆಯ ಮೇಲಿಡುವರು. ದಿನಕ್ಕೆ ಇಷ್ಟು ಸಾವಿರ ಸಲ ಒಳಗೆ ಹೋಗುವ ಗಾಳಿಯನ್ನು ಮಾತ್ರ ಪರೀಕ್ಷಿಸುವವರು ಇಲ್ಲ.

ಪರೀಕ್ಷಿಸುವದು ಹೇಗೆ ಎಂಬ ಪ್ರಶ್ನೆಯು ಸಹಜವೇ. ಹೊಗೆಯು ಕಣ್ಣಿಗೆ ಕಾಣುವದು, ದುರ್ಗಂಧವು ಮೂಗಿಗೆ ತಿಳಿಯುವದು. ಆದರೆ ಶ್ವಾಸಕೋಶದ ಒಳಪದರಕ್ಕೆ ಇಳಿಯತಕ್ಕ ಅತಿಸೂಕ್ಷ್ಮವಾದ ಧೂಳು ಕಣ್ಣಿಗೂ ಕಾಣದು, ಮೂಗಿಗೂ ತಿಳಿಯದು. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅಂಥ ಎರಡೂವರೆ ಪಾಲಿಗಿಂತ ದೊಡ್ಡದಲ್ಲದ ಈ ಕಣಗಳ ಮಿತಿಯನ್ನು ಜಗತ್ತಿನ ಆರೋಗ್ಯ ಸಂಸ್ಥೆಯು 2021ನೆಯ ಇಸವಿಯಲ್ಲಿ ಘನಮೀಟರಿಗೆ ವಾರ್ಷಿಕ ಸರಾಸರಿ 5 ಮೈಕ್ರೋಗ್ರಾಂ ಎಂದು ಗೊತ್ತುಪಡಿಸಿತು. ಭಾರತ ಸರಕಾರವು 2009ರಲ್ಲಿ ವಿಧಿಸಿದ ಮಿತಿಯು 40 ಮೈಕ್ರೋಗ್ರಾಂ ಆಗಿರುವದು. ಇವನ್ನು ಅಳೆಯುವ ಯಂತ್ರಗಳುಂಟು. ಆದರೆ ಅವು ಬಹು ಬೆಲೆಯವು. ವಿದ್ಯುತ್ತು ಬೇಕು, ಕಾವಲು ಬೇಕು, ಬಲ್ಲವರ ಕೈ ಬೇಕು. ಒಂದು ಊರಿನ ಒಂದು ಮೂಲೆಯಲ್ಲಿ ನಿಂತ ಯಂತ್ರವು ಆ ಮೂಲೆಯ ಮಾತನ್ನೇ ಆಡುವದು. ಬೀದರದಲ್ಲಿ ನಿಲ್ಲಿಸಿದ್ದು ಭಾಲ್ಕಿಯ ಪೇಟೆಯ ಗಾಳಿಯನ್ನಾಗಲಿ ಔರಾದದ ಬಯಲಿನ ಗಾಳಿಯನ್ನಾಗಲಿ ಹೇಳಲಾರದು. ರಾಷ್ಟ್ರೀಯ ಶುದ್ಧವಾಯು ಯೋಜನೆಯು 2019ರಲ್ಲಿ ಆರಂಭವಾದಾಗ ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಈ ನಾಲ್ಕು ನಗರಗಳು ಅದರಲ್ಲಿ ಸೇರಿದವು. ಬೀದರದ ಹೆಸರು ಅದರಲ್ಲಿರಲಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲವೆಂದ ಮಾತ್ರಕ್ಕೆ ಗಾಳಿಯು ನಿರ್ಮಲವಾಗಿದೆಯೆಂದು ತಿಳಿಯಲಾಗದು.

ಹೀಗಿರಲು, ಸೃಷ್ಟಿಯಲ್ಲಿಯೇ ಇಂಥ ಒಂದು ಪರೀಕ್ಷಕವಸ್ತುವು ಬಹುಕಾಲದಿಂದ ಇದೆಯೆಂಬದನ್ನು ವಿದ್ವಾಂಸರು ಕಂಡುಕೊಂಡಿದ್ದಾರೆ. ಅದು ಕೋಟೆಯ ಗೋಡೆಯ ಮೇಲೆ, ಬಾವಿಯ ಕಟ್ಟೆಯ ಮೇಲೆ, ಹಳೆಯ ಮರದ ಬುಡದಲ್ಲಿ ಹಸುರು ಮಖಮಲ್ಲಿನಂತೆ ಬೆಳೆಯುವ ಹಾವಸೆ. ಕಾಲು ಜಾರಿಸುವದೆಂದು ಜನರು ಕೆರೆದು ಒಗೆಯುವ ಆ ಹಾವಸೆಯೇ ಗಾಳಿಯ ಲೆಕ್ಕವನ್ನು ಬರೆದಿಡುವ ಕರಣಿಕನಾಗಿರುವದು.

ಇಲ್ಲಿ ಮೂರು ವಸ್ತುಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು. ಕೆರೆಯ ನೀರಿನ ಮೇಲೆ ಲೋಳೆಯಂತೆ ತೇಲುವದು ಪಾಚಿ. ಅದಕ್ಕೆ ಎಲೆಯೂ ಇಲ್ಲ, ಕಾಂಡವೂ ಇಲ್ಲ. ಗೋಡೆಯ ಮೇಲೆ ಸಣ್ಣ ಸಣ್ಣ ಎಲೆಗಳಿಂದ ಕೂಡಿ ಹಾಸಿಗೆಯಂತೆ ಹರಡುವದು ಇಲ್ಲಿ ಹೇಳತಕ್ಕ ಹಾವಸೆ. ಬಂಡೆ ಮತ್ತು ಮರದ ತೊಗಟೆಗಳ ಮೇಲೆ ಬೂದಿಬಣ್ಣದ ಹಪ್ಪಳದಂತೆ ಅಂಟಿಕೊಂಡಿರುವದು ಕಲ್ಲುಹೂವು. ಕಿರಾಣಿ ಅಂಗಡಿಯಲ್ಲಿ ದಗಡಫೂಲವೆಂದು ಕೇಳಿ ಮಸಾಲೆಗೆ ತರುವದು ಇದರದೇ ಜಾತಿ. ಕಲ್ಲುಹೂವೆಂಬುದು ಒಂದೇ ಜೀವವಲ್ಲ. ಬೂಷ್ಟಿನ ಕುಲದ ಜೀವವೂ ಪಾಚಿಯ ಕುಲದ ಜೀವವೂ ಒಂದೇ ಮನೆಯಲ್ಲಿ ಕೂಡಿ ಬಾಳುವ ಸಂಸಾರವದು. ಗಾಳಿಯ ಪರೀಕ್ಷೆಗೆ ಹಾವಸೆಯೂ ಕಲ್ಲುಹೂವೂ ಎರಡೂ ಒದಗುವವು. ಆದರೆ ಅವು ಸಾಕ್ಷಿ ಹೇಳುವ ರೀತಿಯು ಬೇರೆ ಬೇರೆ.

ಇತರ ಗಿಡಗಳು ಬೇರಿನಿಂದ ಮಣ್ಣಿನ ಸಾರವನ್ನು ಹೀರುವವು. ಅವುಗಳ ಎಲೆಯ ಮೇಲೆ ಮೇಣದಂಥ ಪದರವೊಂದು ಇರುವದರಿಂದ ಮಳೆಯ ನೀರು ಜಾರಿ ಬೀಳುವದು. ಹಾವಸೆಗಾದರೋ ನಿಜವಾದ ಬೇರಿಲ್ಲ. ಬೇರಿನಂತೆ ಕಾಣುವ ಎಳೆಗಳು ಕಲ್ಲನ್ನು ಹಿಡಿದುಕೊಳ್ಳುವದಕ್ಕಷ್ಟೇ ಆಗುವವು. ಅದರ ಎಲೆಯು ಬಹುತೇಕ ಒಂದೇ ಜೀವಕೋಶದಷ್ಟು ದಪ್ಪ. ಆದಕಾರಣ ಅದಕ್ಕೆ ಬೇಕಾದ ನೀರೂ ಆಹಾರವೂ ಮಳೆ, ಮಂಜು, ಧೂಳುಗಳ ರೂಪದಿಂದ ಮೇಲಿನಿಂದಲೇ ಬರಬೇಕು. ಗಾಳಿಯಲ್ಲಿ ಸೀಸವಿದ್ದರೆ ಸೀಸ, ಪಾದರಸವಿದ್ದರೆ ಪಾದರಸ, ಬಂದದ್ದನ್ನೆಲ್ಲ ಅದು ಮೈಗೂಡಿಸಿಕೊಳ್ಳುವದು. ಅದರ ಕೋಶಗಳ ಗೋಡೆಯಲ್ಲಿ ಋಣವಿದ್ಯುತ್ತಿನ ಅಂಶವಿರುವದರಿಂದ ಧನವಿದ್ಯುತ್ತುಳ್ಳ ಲೋಹದ ಕಣಗಳು ಅಲ್ಲಿಯೇ ಅಂಟಿ ನಿಲ್ಲುವವು. ಹೀಗೆ ತಿಂಗಳುಗಳ, ವರ್ಷಗಳ ಕಾಲ ಬಿದ್ದದ್ದು ಅದರಲ್ಲಿ ಕೂಡುತ್ತ ಹೋಗುವದು. ಕಲ್ಲುಹೂವು ಇದಕ್ಕಿಂತ ಸೂಕ್ಷ್ಮ ಸ್ವಭಾವದ್ದು. ಕಲ್ಲಿದ್ದಲಿನ ಹೊಗೆಯಲ್ಲಿರುವ ಗಂಧಕದ ಅನಿಲವನ್ನು ಅದರ ಅನೇಕ ಜಾತಿಗಳು ಸಹಿಸಲಾರದೆ ಸಾಯುವವು. ಹಾವಸೆಯು ಉಳಿದುಕೊಂಡು ಲೆಕ್ಕ ಹೇಳುವದು; ಕಲ್ಲುಹೂವು ಬಹುಮಟ್ಟಿಗೆ ಇಲ್ಲವಾಗಿಯೇ ಸುದ್ದಿ ಹೇಳುವದು.

ಈ ಶಾಸ್ತ್ರವು ಬೆಳೆದು ಬಂದ ಬಗೆಯನ್ನು ಸಂಕ್ಷೇಪವಾಗಿ ನೋಡಬಹುದು. ಫಿನ್‌ಲೆಂಡ್ ದೇಶದ ವಿಲಿಯಂ ನೈಲಾಂಡರ್ ಎಂಬ ಸಸ್ಯಶಾಸ್ತ್ರಜ್ಞನು 1866ನೆಯ ಇಸವಿಯಲ್ಲಿ ಪ್ಯಾರಿಸ್ ನಗರದ ಲಕ್ಸೆಂಬರ್ಗ್ ಉದ್ಯಾನದ ಕಲ್ಲುಹೂವುಗಳನ್ನು ಪರಿಶೀಲಿಸಿ, ಇವು ಗಾಳಿಯ ಶುದ್ಧಿಯನ್ನು ಅಳೆಯುವ ಸಾಧನವೆಂದು ಬರೆದನು. ಮೂವತ್ತು ವರ್ಷಗಳ ತರುವಾಯ ಆ ಉದ್ಯಾನದಿಂದಲೂ ಅವು ಮರೆಯಾದುದನ್ನು ಆತನೇ ದಾಖಲಿಸಬೇಕಾಯಿತು. ಇಂಗ್ಲೆಂಡಿನಲ್ಲಿ ಹಾಕ್ಸ್‌ವರ್ತ್ ಮತ್ತು ರೋಸ್ ಎಂಬ ವಿದ್ವಾಂಸರು 1970ರಲ್ಲಿ, ಮರದ ಮೇಲೆ ಯಾವ ಯಾವ ಜಾತಿಯ ಕಲ್ಲುಹೂವುಗಳಿವೆ ಎಂಬದರ ಮೇಲಿಂದ ಗಾಳಿಯ ಗಂಧಕದ ಪ್ರಮಾಣವನ್ನು ಊಹಿಸುವ ಶ್ರೇಣಿಯೊಂದನ್ನು ರಚಿಸಿದರು. ಹಾವಸೆಯ ವಿಷಯದಲ್ಲಿ ಮೊದಲ ಹೆಜ್ಜೆಯನ್ನಿಟ್ಟವರು ಸ್ವೀಡನ್ ದೇಶದ ರೂಲಿಂಗ್ ಮತ್ತು ಟೈಲರ್ ಎಂಬವರು. 1960ರ ದಶಕದ ಕೊನೆಯಲ್ಲಿ ಅವರು ಹಾವಸೆಯನ್ನು ಆರಿಸಿ ತಂದು ಅದರಲ್ಲಿಯ ಸೀಸವನ್ನು ಅಳೆದರು. ಆ ದೇಶಗಳ ಕಾಡುಗಳಲ್ಲಿ ಬೆಳೆಯುವ ಒಂದು ಜಾತಿಯ ಹಾವಸೆಯು ವರ್ಷಕ್ಕೊಂದು ಮೆಟ್ಟಿಲಿನಂತೆ ಏರುವದು. ಮೆಟ್ಟಿಲುಗಳನ್ನು ಎಣಿಸಿ ಕಳೆದ ಮೂರು ವರ್ಷಗಳ ಬೆಳವಣಿಗೆಯನ್ನಷ್ಟೇ ಕತ್ತರಿಸಿಕೊಂಡರೆ ಮೂರು ವರ್ಷಗಳ ಗಾಳಿಯ ಲೆಕ್ಕ ಕೈಗೆ ಬಂದಂತಾಯಿತು. ಯುರೋಪಿನ ಅನೇಕ ರಾಷ್ಟ್ರಗಳು ಕೂಡಿ 1990ರಿಂದ ಐದು ವರ್ಷಗಳಿಗೊಮ್ಮೆ ಇಂಥ ಸಮೀಕ್ಷೆಯನ್ನು ನಡೆಸುತ್ತ ಬಂದಿವೆ. ಪೆಟ್ರೋಲಿನಿಂದ ಸೀಸವನ್ನು ತೆಗೆದುಹಾಕಿದ ಮೇಲೆ, 1990ರಿಂದ 2010ರ ವರೆಗಿನ ಇಪ್ಪತ್ತು ವರ್ಷಗಳಲ್ಲಿ ಅಲ್ಲಿಯ ಹಾವಸೆಯಲ್ಲಿಯ ಸೀಸವು ಸುಮಾರು ಮುಕ್ಕಾಲು ಪಾಲು ಇಳಿದುದು ಈ ಸಮೀಕ್ಷೆಗಳಿಂದಲೇ ತಿಳಿದುಬಂದಿತು. ಹಾವಸೆಯು ಕೆಡುಕನ್ನಷ್ಟೇ ಅಲ್ಲ, ಮನುಷ್ಯನು ತಿದ್ದಿಕೊಂಡದ್ದನ್ನೂ ಬರೆದಿಡುವದೆಂಬದಕ್ಕೆ ಇದು ದೃಷ್ಟಾಂತ.

ಇನ್ನೊಂದು ದೃಷ್ಟಾಂತವು ಬೀದರದವರು ವಿಶೇಷವಾಗಿ ಲಕ್ಷಿಸತಕ್ಕದ್ದು. ಅಮೇರಿಕೆಯ ಆರೆಗಾನ್ ಸಂಸ್ಥಾನದ ಪೋರ್ಟ್‌ಲ್ಯಾಂಡ್ ನಗರದಲ್ಲಿ, ಅಲ್ಲಿಯ ಅರಣ್ಯ ಇಲಾಖೆಯ ವಿಜ್ಞಾನಿಗಳಾದ ಜೆಫ್ರಿ ಡೊನೊವನ್, ಸಾರಾ ಜೋವನ್ ಮೊದಲಾದವರು 2013ರ ಡಿಸೆಂಬರ ತಿಂಗಳಲ್ಲಿ ಬೀದಿಬೀದಿಯ ಮರಗಳಿಂದ ಹಾವಸೆಯ 346 ಮಾದರಿಗಳನ್ನು ಆರಿಸಿದರು. ಪರೀಕ್ಷಿಸಿ ನಕಾಶೆಯ ಮೇಲೆ ಗುರುತು ಹಾಕಲಾಗಿ, ಕ್ಯಾಡ್ಮಿಯಂ ಎಂಬ ವಿಷಲೋಹವು ಬಣ್ಣದ ಗಾಜನ್ನು ತಯಾರಿಸುವ ಎರಡು ಕಾರ್ಖಾನೆಗಳ ಸುತ್ತ ಗುಂಪುಗೂಡಿದ್ದು ಕಾಣಬಂದಿತು. ಗಾಜಿಗೆ ಹಳದಿ, ಕೆಂಪು ಬಣ್ಣಗಳನ್ನು ಕೊಡಲು ಈ ಲೋಹವನ್ನು ಉಪಯೋಗಿಸುತ್ತಿದ್ದರು. ಮೂತ್ರಪಿಂಡಗಳನ್ನು ಕೆಡಿಸುವ ಲೋಹವದು. ಅದರ ಹೊಗೆಯು ಶ್ವಾಸಕೋಶದ ಅರ್ಬುದಕ್ಕೂ ಕಾರಣವಾಗುವದು. ಹಾವಸೆಯು ತೋರಿಸಿದ ಸ್ಥಳದಲ್ಲಿ 2015ರ ಅಕ್ಟೋಬರದಲ್ಲಿ ಸರಕಾರದವರು ಯಂತ್ರವನ್ನಿಟ್ಟು ನೋಡಲಾಗಿ, ಗಾಳಿಯಲ್ಲಿಯ ಕ್ಯಾಡ್ಮಿಯಂ ಆ ಸಂಸ್ಥಾನದ ಆರೋಗ್ಯಮಿತಿಯ 49 ಪಟ್ಟು ಇದ್ದಿತು. 2016ರಲ್ಲಿ ವಿಷಯವು ಬಹಿರಂಗವಾಗಲು ಕಾರ್ಖಾನೆಗಳು ಆ ಲೋಹದ ಬಳಕೆಯನ್ನು ನಿಲ್ಲಿಸಬೇಕಾಯಿತು. 2018ರಲ್ಲಿ ಸಂಸ್ಥಾನವು ಹೊಸ ನಿಯಮಗಳನ್ನೇ ರಚಿಸಿತು. ಇಲ್ಲಿ ಕ್ರಮವನ್ನು ಗಮನಿಸಬೇಕು. ಮೊದಲು ಹಾವಸೆಯು ಸ್ಥಳವನ್ನು ತೋರಿಸಿತು. ಬಳಿಕ ಯಂತ್ರವು ಪ್ರಮಾಣವನ್ನು ಹೇಳಿತು. ಆಮೇಲೆ ಅಧಿಕಾರಿಗಳು ಕಾರ್ಯಕ್ಕಿಳಿದರು.

ಈ ವಿದ್ಯೆಯು ಪರದೇಶದ್ದೇ ಎಂದು ತಿಳಿಯಬೇಕಾಗಿಲ್ಲ. ಕುಮಾವೂಂ ಬೆಟ್ಟಗಳ ಹಾವಸೆಗಳಲ್ಲಿ ಲೋಹಗಳನ್ನು ಅಳೆದ ಭಾರತೀಯ ವಿದ್ವಾಂಸರುಂಟು. ಕರ್ನಾಟಕದಲ್ಲಿಯೇ ಬೆಂಗಳೂರು ನಗರದ, ಅದರಲ್ಲಿಯೂ ಲಾಲಬಾಗದ ಕಲ್ಲುಹೂವುಗಳ ಹರವನ್ನೂ ಅವುಗಳಲ್ಲಿ ಕೂಡಿದ ಲೋಹಗಳನ್ನೂ ಪರೀಕ್ಷಿಸಿ ನಾಯಕ, ಉಪ್ರೇತಿ, ಗಾಡಗೀಳ, ಪಾಂಡೆ ಎಂಬ ವಿದ್ವಾಂಸರು 2003ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಲೇಖನವನ್ನು ಪ್ರಕಟಿಸಿದರು. ಬೆಂಗಳೂರಿಗೆ ಒದಗಿದ ವಿದ್ಯೆಯು ಬೀದರಕ್ಕೆ ಒದಗದಿರಲು ಕಾರಣವಿಲ್ಲ.

ಬೀದರ ಸೀಮೆಯಲ್ಲಿ ಹಾವಸೆಗೆ ಆಶ್ರಯಗಳ ಕೊರತೆಯಿಲ್ಲ. ಬಹಮನಿ ಸುಲ್ತಾನರ ಕೋಟೆಯ ಗೋಡೆಗಳು, 1472ರಲ್ಲಿ ಕಟ್ಟಿದ ಮಹಮೂದ ಗವಾನನ ಮದರಸೆ, ಅಷ್ಟೂರಿನ ಗುಮ್ಮಟಗಳು, ನೌಬಾದದ ಸುರಂಗಬಾವಿಯ ಬಾಯಿಗಳು, ನರಸಿಂಹ ಝರಣಿಯ ಸುತ್ತಲಿನ ತಂಪಾದ ಕಲ್ಲುಗಳು, ಭಾಲ್ಕಿಯ ಹಳೆಯ ಕೋಟೆ, ಔರಾದದ ಅಮರೇಶ್ವರ ದೇವಾಲಯದ ಪರಿಸರ, ಊರೂರಿನ ಮೆಟ್ಟಿಲುಬಾವಿಗಳು, ಇವೆಲ್ಲ ಹುಡುಕತಕ್ಕ ಸ್ಥಳಗಳು. ಬೇಸಗೆಯಲ್ಲಿ ಹಾವಸೆಯು ಕಂದುಬಣ್ಣಕ್ಕೆ ತಿರುಗಿ ಸತ್ತಂತೆ ಕಾಣುವದು, ಆದರೆ ಸತ್ತಿರುವದಿಲ್ಲ. ಮೃಗಶಿರೆಯ ಮಳೆಯ ನಾಲ್ಕು ಹನಿಗಳು ಬಿದ್ದರೆ ಕೆಲವೇ ನಿಮಿಷಗಳಲ್ಲಿ ಎಲೆ ಬಿಚ್ಚಿ ಹಸುರಾಗುವದು.

ಆದರೆ ಉತ್ತರದ ತಂಪುದೇಶಗಳ ಕ್ರಮವನ್ನು ಇಲ್ಲಿ ಹಾಗೆಯೇ ತಂದು ಇಟ್ಟರೆ ಎರಡು ತೊಡಕುಗಳು ಬರುವವು. ಒಂದನೆಯದು ಋತುವಿನದು. ಇಲ್ಲಿಯ ಹಾವಸೆಯು ಬೆಳೆಯುವದು ಮಳೆಗಾಲದಲ್ಲಿ ಮಾತ್ರ. ಗಾಳಿಯು ಹೆಚ್ಚು ಕೆಡುವದಾದರೋ ಚಳಿಗಾಲದಲ್ಲಿ, ಹೊಗೆಯು ಮೇಲಕ್ಕೇರದೆ ನೆಲದ ಬಳಿಯೇ ಕವಿದಿರುವಾಗ. ಇದಕ್ಕೆ ಪರಿಹಾರವುಂಟು. ಶುದ್ಧವಾದ ಸ್ಥಳದಿಂದ ತಂದ ಹಾವಸೆಯನ್ನು ತೊಳೆದು ಒಣಗಿಸಿ, ಸಣ್ಣ ಬಲೆಯ ಚೀಲಗಳಲ್ಲಿ ತುಂಬಿ, ಪರೀಕ್ಷಿಸಬೇಕಾದ ಸ್ಥಳಗಳಲ್ಲಿ ಕಂಬಕ್ಕೆ ಕೆಲವು ವಾರಗಳ ಕಾಲ ತೂಗುಹಾಕುವದು. ವೇಲ್ಸ್ ನಾಡಿನ ಲೋಹ ಕರಗಿಸುವ ಕಣಿವೆಯಲ್ಲಿ ಗುಡ್‌ಮನ್ ಮತ್ತು ರಾಬರ್ಟ್ಸ್ ಎಂಬವರು ಈ ಚೀಲದ ಕ್ರಮವನ್ನು ಬಳಸಿ 1971ರಲ್ಲಿ ವರದಿ ಮಾಡಿದರು. ಒಣಗಿದ ಹಾವಸೆಯೂ ಧೂಳನ್ನು ಹಿಡಿಯುವದರಿಂದ ಚಳಿಗಾಲದ ಲೆಕ್ಕವೂ ಸಿಕ್ಕುವದು.

ಎರಡನೆಯ ತೊಡಕು ಮಣ್ಣಿನದು. ಬೀದರದ ಎತ್ತರದ ನೆಲವು ಕೆಂಪು ಜಂಬಿಟ್ಟಿಗೆಯದು; ಅದರಲ್ಲಿ ಕಬ್ಬಿಣವೂ ಅಲ್ಯುಮಿನಿಯಮ್ಮೂ ಸ್ವಭಾವದಿಂದಲೇ ಹೇರಳವಾಗಿರುವವು. ಗಾಳಿಗೆ ಹಾರಿದ ಕೆಂಪು ಧೂಳು ಹಾವಸೆಯ ಮೇಲೆ ಕುಳಿತರೆ ಕಬ್ಬಿಣದ ಲೆಕ್ಕವು ಏರುವದು. ಅದನ್ನು ಕಂಡು ಕಾರ್ಖಾನೆಯ ಮೇಲೆ ದೋಷ ಹೊರಿಸಿದರೆ ಅನ್ಯಾಯವಾದೀತು. ಆದುದರಿಂದ ಪ್ರತಿ ಸ್ಥಳದ ಮಣ್ಣನ್ನೂ ಜೊತೆಗೆ ಪರೀಕ್ಷಿಸಿ, ಮಣ್ಣಿನಲ್ಲಿ ಅಲ್ಯುಮಿನಿಯಮ್ಮಿಗೂ ಇತರ ಲೋಹಕ್ಕೂ ಇರುವ ಪ್ರಮಾಣವನ್ನು ಹಾವಸೆಯಲ್ಲಿಯ ಪ್ರಮಾಣದೊಡನೆ ಹೋಲಿಸತಕ್ಕದ್ದು. ಮಣ್ಣಿನ ಪಾಲನ್ನು ಕಳೆದು ಉಳಿದದ್ದಷ್ಟೇ ಗಾಳಿಯು ಬೇರೆ ಕಡೆಯಿಂದ ಹೊತ್ತು ತಂದದ್ದು.

ಈ ಪರೀಕ್ಷೆಯು ಈ ಸೀಮೆಗೆ ಏಕೆ ಬೇಕೆಂದರೆ, ಇಲ್ಲಿ ಉತ್ತರ ಸಿಕ್ಕದೆ ನಿಂತ ಪ್ರಶ್ನೆಗಳುಂಟು. ಬೀದರದ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳಿವೆ; ಸುತ್ತಲಿನ ಗ್ರಾಮಸ್ಥರು ಗಾಳಿ ನೀರುಗಳು ಕೆಡುತ್ತಿವೆಯೆಂದು ದೂರಿದ್ದಾರೆ. ದೂರುವವರ ಕೈಯಲ್ಲಿ ಮೂಗಿನ ಸಾಕ್ಷಿಯ ಹೊರತು ಬೇರೆ ಸಾಕ್ಷಿಯಿಲ್ಲದಿದ್ದರೆ ಮಾತಿಗೆ ಮಾತು ಬೆಳೆಯುವದೇ ಹೊರತು ನಿರ್ಣಯವಾಗದು. ಭಾಲ್ಕಿಯ ಕಡೆಗೆ ಕಬ್ಬಿನ ಬೆಳೆಯುಂಟು. ಹಂಗಾಮಿನಲ್ಲಿ ಹೊಲದ ರವದಿಯನ್ನು ಸುಡುವ ಹೊಗೆ, ಹಿಂಡಿದ ಸಿಪ್ಪೆಯನ್ನು ಉರಿಸುವ ಕುಲುಮೆಗಳ ಬೂದಿ, ಕಬ್ಬಿನ ಗಾಡಿಗಳ ಡೀಸೆಲ್ಲಿನ ಹೊಗೆ, ಇವುಗಳಲ್ಲಿ ಯಾವದರ ಪಾಲು ಎಷ್ಟೆಂಬದನ್ನು ಅಳೆದಲ್ಲದೆ ಹೇಳಲಾಗದು. ಔರಾದ ಸೀಮೆಯಲ್ಲಿ ದೊಡ್ಡ ಕಾರ್ಖಾನೆಗಳು ವಿರಳ. ಆದಕಾರಣ ಹೋಲಿಕೆಗೆ ಬೇಕಾದ ಮೂಲಮಾನವನ್ನು ಅಲ್ಲಿಯ ಬಯಲಿನಲ್ಲಿ ಹುಡುಕಬಹುದು. ಶುದ್ಧವಾದದ್ದು ಎಷ್ಟೆಂದು ತಿಳಿಯದೆ ಅಶುದ್ಧವಾದದ್ದು ಎಷ್ಟೆಂದು ಹೇಳುವ ಬಗೆಯಿಲ್ಲವಷ್ಟೆ.

ಬಿದರಿಯ ಕುಶಲಕಲೆಯ ಮಾತನ್ನೂ ಇಲ್ಲಿ ಎತ್ತಬೇಕಾಗಿದೆ. ಹದಿನಾರು ಪಾಲು ಜಸ್ತಕ್ಕೆ ಒಂದು ಪಾಲು ತಾಮ್ರವನ್ನು ಕೂಡಿಸಿ ಎರಕ ಹೊಯ್ದು, ಬೆಳ್ಳಿಯ ಎಳೆಯನ್ನು ಕೂಡಿಸಿ, ಕೋಟೆಯ ಹಳೆಯ ಮಣ್ಣನ್ನೂ ನವಸಾಗರವನ್ನೂ ಹಾಕಿದ ನೀರಿನಿಂದ ಕಪ್ಪು ಹೊಳಪನ್ನು ತರುವ ಈ ವಿದ್ಯೆಗೆ 2006ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ದೊರೆಯಿತು. ಜಸ್ತವನ್ನು ಮಿತಿಮೀರಿ ಕಾಸಿದರೆ ಬಿಳಿಯ ಹೊಗೆ ಏಳುವದು. ಅದು ಉಸಿರಿನಲ್ಲಿ ಹೊಕ್ಕರೆ ಚಳಿಜ್ವರದಂಥ ಬಾಧೆಯಾಗುವದೆಂಬದು ವೈದ್ಯರಿಗೆ ತಿಳಿದ ಮಾತು. ಜಸ್ತ ತಾಮ್ರಗಳೆರಡೂ ಹಾವಸೆಯು ಚೆನ್ನಾಗಿ ಹಿಡಿಯುವ ಲೋಹಗಳೇ ಆಗಿರುವದರಿಂದ, ಎರಕದ ಓಣಿಗಳಲ್ಲಿ ನಾಲ್ಕು ಚೀಲಗಳನ್ನು ತೂಗುಹಾಕಿದರೆ ಕುಶಲಕರ್ಮಿಗಳಿಗೂ ಅವರ ಮಕ್ಕಳಿಗೂ ಉಪಕಾರವಾಗುವದು. ಇದರಿಂದ ಕಲೆಗೆ ಕುಂದು ಬರುವದೆಂದು ಅಂಜಬಾರದು. ಲೆಕ್ಕವು ಅಲ್ಪವೆಂದು ಬಂದರೆ ಸಂಶಯ ಹರಿಯುವದು. ಅಧಿಕವೆಂದು ಬಂದರೆ ಎತ್ತರದ ಚಿಮಣಿಯೋ ಹೊಗೆಯನ್ನೆಳೆಯುವ ಪಂಖೆಯೋ ಬೇಕೆಂಬದು ಗೊತ್ತಾಗುವದು. ಕಲೆಯು ಉಳಿಯಬೇಕಾದರೆ ಕಲಾವಿದನ ಶ್ವಾಸವು ಉಳಿಯಬೇಕಷ್ಟೆ.

ಕಾರ್ಯದ ಕ್ರಮವು ಕಠಿಣವಾದುದಲ್ಲ. ದಸರೆಯ ತರುವಾಯ, ಮಳೆಯು ಹಿಂದೆಗೆದ ಮೇಲೆ, ಒಂದೇ ಜಾತಿಯ ಹಾವಸೆಯನ್ನು ಎಲ್ಲ ಸ್ಥಳಗಳಿಂದಲೂ ಆರಿಸಬೇಕು; ಜಾತಿ ಬದಲಾದರೆ ಹೋಲಿಕೆಯು ಕೆಡುವದು. ಊರಿನ ಸಾಮಾನ್ಯ ಗಾಳಿಯನ್ನು ಅರಿಯಬೇಕಾದಲ್ಲಿ ಹೆದ್ದಾರಿಯಿಂದ 300 ಮೀಟರ್, ಸಣ್ಣ ದಾರಿ ಮತ್ತು ಒಂಟಿ ಮನೆಗಳಿಂದ 100 ಮೀಟರ್ ದೂರವಿರಬೇಕೆಂಬದು ಯುರೋಪಿನವರ ನಿಯಮ. ಮರದ ನೆರಳಿನಿಂದ ತೊಟ್ಟಿಕ್ಕುವ ನೀರು ಬೀಳದ ಬಯಲಾಗಿರಬೇಕು. ಒಂದೊಂದು ಸ್ಥಳದಲ್ಲಿ ಐದರಿಂದ ಹತ್ತು ಹಿಡಿಗಳನ್ನು ಅಲ್ಲಲ್ಲಿ ತೆಗೆದು ಕೂಡಿಸಬೇಕು. ಬರಿಗೈಯಿಂದ ಮುಟ್ಟದೆ ಕೈಚೀಲ ಧರಿಸಿ, ಕಾಗದದ ಚೀಲದಲ್ಲಿಟ್ಟು, ಸ್ಥಳ ಮತ್ತು ದಿನಾಂಕಗಳನ್ನು ಬರೆಯಬೇಕು. ಹೀಗೆ ಆರಿಸಿದ್ದನ್ನು ನೀರಿನಿಂದ ತೊಳೆಯಕೂಡದು. ಕಸಕಡ್ಡಿಯನ್ನಷ್ಟೇ ಹೆಕ್ಕಿ ಒಣಗಿಸಬೇಕು. ಲೋಹಗಳನ್ನು ಅಳೆಯುವ ಕೊನೆಯ ಕೆಲಸವು ಮಾತ್ರ ಪ್ರಯೋಗಶಾಲೆಯದು. ಅದಕ್ಕೆ ವಿಶ್ವವಿದ್ಯಾಲಯದವರ ನೆರವು ಬೇಕು. ಆರಿಸುವದು, ಬರೆದಿಡುವದು, ನಕಾಶೆಯಲ್ಲಿ ಗುರುತಿಸುವದು ಇವನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೂ ಗುರುಗಳ ಮೇಲ್ವಿಚಾರಣೆಯಲ್ಲಿ ಮಾಡಬಲ್ಲರು.

ಹಾವಸೆಯ ಸಾಕ್ಷಿಗೆ ಮಿತಿಗಳೂ ಉಂಟು. ಅವನ್ನು ಮರೆಮಾಚಿದರೆ ಸಾಕ್ಷಿಯೇ ಸಂಶಯಾಸ್ಪದವಾಗುವದು. ಲೋಹಗಳನ್ನೂ, ಹೊಗೆಯಲ್ಲಿಯ ಕೆಲವು ಜಿಗುಟಾದ ವಿಷಗಳನ್ನೂ ಅದು ಹಿಡಿಯುವದು. ಆದರೆ ಬಂದು ಹಾರಿಹೋಗುವ ಅನಿಲಗಳನ್ನೂ ರಾಸಾಯನಿಕ ದ್ರಾವಕಗಳ ಆವಿಯನ್ನೂ ನಂಬುವಂತೆ ಹಿಡಿದಿಡಲಾರದು. ಔಷಧದ ಕಾರ್ಖಾನೆಯ ನೆರೆಯಲ್ಲಿ ಹಾವಸೆಯು ನಿರ್ಮಲವೆಂದು ತೋರಿದರೂ ದುರ್ಗಂಧದ ದೂರು ಸುಳ್ಳೆಂದಾಗದು. ಅದಕ್ಕೆ ಬೇರೆ ಪರೀಕ್ಷೆಯೇ ಬೇಕು. ಮತ್ತು ಹಾವಸೆಯು ಇಂಥ ಸ್ಥಳದಲ್ಲಿ ಇಂಥ ಲೋಹವು ಹೆಚ್ಚಾಗಿದೆ ಎನ್ನುವದೇ ಹೊರತು, ಇಂಥವನಿಗೆ ಇದರಿಂದಲೇ ರೋಗವಾಯಿತೆಂದು ಹೇಳದು. ಗಾಳಿಯ ಕಾಯಿದೆಯ ಮಿತಿಯನ್ನು ಮೀರಿದೆಯೆಂಬ ತೀರ್ಪನ್ನೂ ಕೊಡದು. ಅದು ಸಾಕ್ಷಿ, ನ್ಯಾಯಾಧೀಶನಲ್ಲ. 1981ರ ವಾಯುಮಾಲಿನ್ಯ ನಿವಾರಣೆಯ ಕಾಯಿದೆಯಂತೆ ಕ್ರಮ ಕೈಕೊಳ್ಳತಕ್ಕವರು ಅಧಿಕಾರಿಗಳೇ. ಅವರು ಯಂತ್ರವನ್ನು ಎಲ್ಲಿ ಇಡಬೇಕೆಂಬದನ್ನು ತೋರಿಸಿಕೊಡುವಷ್ಟು ಉಪಕಾರವನ್ನು ಹಾವಸೆಯು ಮಾಡುವದು.

ಕೊನೆಯದಾಗಿ ಒಂದು ಮಾತು. ಮಹೋತ್ಸವಗಳು ಬಂದಾಗ ಗೋಡೆಗಳನ್ನು ಕೆರೆದು ಸುಣ್ಣ ಬಳಿಯುವದು ವಾಡಿಕೆ. ಪ್ರಾಚೀನ ಕಟ್ಟಡಗಳ ಮೇಲಿನ ಹಾವಸೆಯು ತೇವವನ್ನು ಹಿಡಿದಿಟ್ಟು ಕಲ್ಲುಗಾರೆಗಳನ್ನು ಸಡಿಲಿಸುವದೂ ನಿಜ; ಅಲ್ಲಿ ಪುರಾತತ್ವ ಇಲಾಖೆಯವರ ಅಪ್ಪಣೆಯಿಲ್ಲದೆ ಯಾರೂ ಕೈ ಹಾಕತಕ್ಕದ್ದಲ್ಲ, ಹಾವಸೆಯನ್ನು ಆರಿಸುವದಕ್ಕಾದರೂ ಅಷ್ಟೆ. ನಡೆದಾಡುವ ಮೆಟ್ಟಿಲುಗಳ ಮೇಲಿನದನ್ನು ತೆಗೆಯಲೇಬೇಕು. ಆದರೆ ಯಾರ ಕಾಲಿಗೂ ಅಡ್ಡಬಾರದ ಹಿತ್ತಲ ಗೋಡೆಯ ಒಂದು ಮೂಲೆ, ಬಾವಿಯ ಹೊರಬದಿಯ ಒಂದು ಕಲ್ಲು, ಬೇವಿನ ಮರದ ಒಂದು ಬುಡ, ಇಷ್ಟನ್ನು ಪ್ರತಿ ಊರಿನಲ್ಲಿಯೂ ಪ್ರತಿ ಶಾಲೆಯಲ್ಲಿಯೂ ಮುಟ್ಟದೆ ಬಿಡಬಹುದು. ಅಲ್ಲಿ ಹಾವಸೆ ಕಲ್ಲುಹೂವುಗಳು ಬೆಳೆದವೇ, ಬಾಡಿದವೇ, ಮರೆಯಾದವೇ ಎಂಬದನ್ನು ವರ್ಷಕ್ಕೊಮ್ಮೆ ಒಂದು ಹೊತ್ತಗೆಯಲ್ಲಿ ಬರೆದಿಟ್ಟರೆ ಸಾಕು; ಅದಕ್ಕೆ ಹಣವೂ ಬೇಡ, ಯಂತ್ರವೂ ಬೇಡ. ಇಂದು ಶಾಲೆಯಲ್ಲಿ ಕಲಿಯುವ ಬಾಲಕರು ತಂದೆತಾಯಿಗಳಾಗುವ ಕಾಲಕ್ಕೆ ಬೀದರ, ಭಾಲ್ಕಿ, ಔರಾದಗಳ ಗಾಳಿಯು ಸುಧಾರಿಸಿತೋ ಕೆಟ್ಟಿತೋ ಎಂಬದನ್ನು ಆ ಹೊತ್ತಗೆಯು ಅವರಿಗೆ ತಿಳಿಸುವದು. ಈ ಕೆಲಸವನ್ನು ಬರುವ ದಸರೆಯಿಂದಲೇ ಆರಂಭಿಸಲು ಭಕ್ತಮಂಡಲಿಯೂ ಶಿಕ್ಷಕವರ್ಗವೂ ಮನಸ್ಸು ಮಾಡಲಿ. ಸರ್ವರಿಗೂ ನಿರ್ಮಲವಾದ ಉಸಿರು ದೊರೆಯಲಿ, ಲೋಕಕ್ಕೆ ಮಂಗಳವಾಗಲಿ.